ವಿಭೂತಿ ಹಚ್ಚಿಸಿಕೊಂಡ ಯಂತ್ರ

ಕಂಪ್ಲಿಯ ಗಂಗಾಂಬಿಕಾ ಅವರ ರೈಸ್ ಮಿಲ್ಲಿಗೆ ಹೋದವರಿಗೆ ಮೊದಲು ಬೈಗುಳ, ಆಮೇಲೆ ಚಹಾ. ಗಂಡ ತೀರಿಕೊಂಡಾಗ ಮಿಲ್ಲು ಮಾರಿಬಿಡು ಅಂದವರಿಗೆ ಮಾತ್ರ ಚಹಾ ಸಿಕ್ಕಿರಲಿಲ್ಲ.

ಮಿಲ್ಲಿನ ಜೀವವೆಲ್ಲ ಅಕ್ಕಿ ಆರಿಸುವ ಪರದೇಶದ ಯಂತ್ರದಲ್ಲಿತ್ತು. ಅದರ ಕ್ಯಾಮೆರಾಕ್ಕೆ ಕಪ್ಪು ಕಾಳು ಕಂಡರೆ ಯಂತ್ರ ಗಾಳಿ ಊದಿ ಆಚೆ ತಳ್ಳುತ್ತಿತ್ತು. ಮುಚ್ಚಳಕ್ಕೆ ಕಂಪನಿಯ ಸೀಲು, ಬಿಚ್ಚುವಂತಿಲ್ಲ. ಆಯುಧಪೂಜೆಗೂ ಮಾವ ಕೊಟ್ರಯ್ಯ ಹೊರಗಿನ ತಗಡಿಗೆ ವಿಭೂತಿ ಬಳಿದು ಸುಮ್ಮನಾಗಬೇಕಿತ್ತು.

ಹೋದ ವರ್ಷ ಅದು ಕೆಟ್ಟಿತು. ಅದೇ ಹೊತ್ತಿಗೆ ಆ ದೇಶಕ್ಕೂ ನಮಗೂ ಮನಸ್ತಾಪವಾಗಿ, ಇಲ್ಲಿಗೆ ಬಿಡಿಭಾಗ ಕಳಿಸಬಾರದೆಂದು ಅಲ್ಲಿನ ಸರ್ಕಾರ ನಿರ್ಬಂಧ ಹಾಕಿತು. ದೊಡ್ಡವರ ಜಗಳಕ್ಕೆ ನನ್ನ ಮಿಲ್ಲು ಯಾಕೆ ಬಾಗಿಲು ಹಾಕಬೇಕು ಎಂದು ಗಂಗಾಂಬಿಕಾ ಕೆರಳಿದರು. ಹೊಸಪೇಟೆಯ ಚಿತ್ತವಾಡ್ಗಿಯಲ್ಲಿ ವರ್ಕ್‌ಶಾಪ್ ಇಟ್ಟಿದ್ದ ಇಂಜಿನಿಯರ್ ಅನುಸೂಯಾಳಿಂದ ಬೇರೆ ಯಂತ್ರವನ್ನೇ ಮಾಡಿಸಿದರು. ಕ್ಯಾಮೆರಾದ ಚಿಪ್ ಮಾತ್ರ ಮತ್ತೊಂದು ದೇಶದ್ದು, ಉಳಿದದ್ದೆಲ್ಲ ಇಲ್ಲಿಯದು. ಮೊದಮೊದಲು ಅದು ಒಳ್ಳೆಯ ಅಕ್ಕಿಯನ್ನೂ ಉಗಿದು ಗಂಗಾಂಬಿಕಾರ ಕಣ್ಣಲ್ಲಿ ನೀರು ತರಿಸಿತು. ಕೊನೆಗೆ ಹದಕ್ಕೆ ಬಂತು, ಆದರೆ ಭಾಳ ನಿಧಾನ.

ನಿರ್ಬಂಧ ಸಡಿಲವಾದದ್ದೇ ತಡ, ಹಳೆಯ ಕಂಪನಿಯ ಏಜೆಂಟ್ ಬೆಂಗಳೂರಿಂದ ಓಡಿಬಂದ. ಹೊಸ ಮಾಡೆಲ್, ಅರ್ಧ ಬೆಲೆ. ಗಂಗಾಂಬಿಕಾಗೂ ಆಸೆಯಾಯಿತು, ಸುಳ್ಳೇಕೆ? ಆದರೆ ಎಮ್ಮಿಗನೂರಿನ ಮಿಲ್ಲಿನವರೂ ಇವರು ಯಾವ ಯಂತ್ರ ಇಟ್ಟುಕೊಳ್ಳುತ್ತಾರೆಂದು ನೋಡುತ್ತಿದ್ದರು. ಇವರು ಕೈಬಿಟ್ಟರೆ ಅನುಸೂಯಾಳ ವರ್ಕ್‌ಶಾಪಿಗೆ ಬೀಗವೇ.

ದಸರೆ ಮುಗಿಸಿ ಮಿಲ್ಲು ಶುರುಮಾಡುವ ದಿನ ಅದು. "ನಿಮ್ಮ ಲೋಕಲ್ ಮಷಿನ್ ತೋರಿಸಿ ಮೇಡಂ" ಅಂದ ಏಜೆಂಟ್. ಗಂಗಾಂಬಿಕಾ ಗುಂಡಿ ಒತ್ತಿದರು. ಯಂತ್ರ ಹಾಲಿನಂಥ ಅಕ್ಕಿಯನ್ನೆಲ್ಲ ಕಸದ ಕಡೆಗೆ ಎಸೆಯತೊಡಗಿತು. ಏಜೆಂಟ್ ಕಿಸಕ್ಕನೆ ನಕ್ಕ. ಗಂಗಾಂಬಿಕಾಗೆ ನೆಲ ಬಾಯಿಬಿಡಬಾರದೇ ಅನಿಸಿತು.

ಹಿಂದಿನಿಂದ ಕೊಟ್ರಯ್ಯ ಮೆಲ್ಲಗೆ ಕೆಮ್ಮಿದರು. "ಗಂಗವ್ವಾ, ಪೂಜಾದಾಗ ಅದರ ಒಳಗಿನ ಕಣ್ಣಿಗೂ ವಿಭೂತಿ ಹಚ್ಚೀನವ್ವ. ಈ ಸಲ ಮುಚ್ಚಳ ತೆಗಿಯಾಕ ಬಂತಲ್ಲ, ಹಂಗs ಬಿಡಾಕ ಮನಸಾಗ್ಲಿಲ್ಲ."

ಗಂಗಾಂಬಿಕಾ ಮುಚ್ಚಳ ತೆರೆದರು. ಕ್ಯಾಮೆರಾದ ಗಾಜಿನ ಮೇಲೆ ಮೂರು ದಪ್ಪ ಪಟ್ಟೆ! ಅದಕ್ಕೆ ಅಕ್ಕಿಯೆಲ್ಲ ಕಲೆಯಾಗಿಯೇ ಕಂಡಿತ್ತು. ಸೆರಗಿನಿಂದ ಒರೆಸಿ ಮತ್ತೆ ಗುಂಡಿ ಒತ್ತಿದರು. ಅಕ್ಕಿ ಒಂದು ಕಡೆ, ಕಪ್ಪು ಕಾಳು ಇನ್ನೊಂದು ಕಡೆ ಬಿದ್ದವು.

"ನಮ್ಮದರಲ್ಲಿ ಹೀಗಾಗಲ್ಲ ಮೇಡಂ, ಸೀಲ್ ಇರುತ್ತೆ" ಅಂದ ಏಜೆಂಟ್.

"ಅದಕ್ಕs ಬ್ಯಾಡ ಅಂತೀನ್ರಿ. ನಿಮ್ಮದು ಕೆಟ್ರ ಆ ದೇಶದ ಸರ್ಕಾರದ ಮಾರಿ ನೋಡ್ಕೊಂತ ಕುಂದ್ರಬೇಕು. ಇದು ಕೆಟ್ರ ನಮ್ಮ ಮಾವನ್ನ ಬೈದ್ರ ಸಾಕು. ಕುಂದ್ರಿ, ಚಹಾ ಕುಡುದು ಹೋಗ್ರಿ."