ಖಾಲಿ ಕೊಳವೆ

ನಮ್ಮ ಪ್ರಯೋಗಾಲಯದ ಮುಖ್ಯಸ್ಥರು ಅಘನಾಶಿನಿಯಲ್ಲಿ ಬಳಚಿನ ಸುಕ್ಕ ತಿಂದದ್ದು ಎರಡು ತಟ್ಟೆ. ಮೂರನೆಯದಕ್ಕೆ ನಾಚಿಕೊಂಡರು, ಅಷ್ಟೇ. ಅಳಿವೆಯ ಕೆಸರಿನಲ್ಲಿ ಸೊಂಟದ ತನಕ ನಿಂತು ಆ ಚಿಪ್ಪುಮೀನುಗಳನ್ನು ಹೆಕ್ಕಿದ ಊರಿನ ಅಕ್ಕನೇ ಬಡಿಸಿದ್ದಳು. ಆಮೇಲೆ ಅದೇ ಮಹಾಶಯರು ವರದಿಯಲ್ಲಿ ಬರೆದರು: ಇಲ್ಲಿಯ ಬಳಚಿನ ತುಂಬ ಕೊಳಚೆಯ, ಮನುಷ್ಯರ ಚರ್ಮದ ಬ್ಯಾಕ್ಟೀರಿಯಾ, ತಿನ್ನಲು ಯೋಗ್ಯವಲ್ಲ.

ಸುದ್ದಿ ಹಬ್ಬಿತು. ಕುಮಟೆ ಪೇಟೆಯಲ್ಲಿ ಅಕ್ಕನ ಬುಟ್ಟಿಯ ಮುಂದೆ ಗಿರಾಕಿಗಳು ನಿಲ್ಲಲಿಲ್ಲ. ಅವಳ ಮನೆ ನಡೆಯುವುದೇ ಆ ಬುಟ್ಟಿಯಿಂದ. ಆ ಬಳಚಿನಿಂದ ಡಿಎನ್‌ಎ ತೆಗೆದವಳು ನಾನು, ಹಾಗಾಗಿ ಅವಳ ಮನೆಗೆ ನಾನೇ ಹೋದೆ.

ಅವಳು ಬಯ್ಯಲಿಲ್ಲ. ಅಡುಗೆಗೆ ನಿಂತಿದ್ದಳು. ಬೇಸಿಗೆಯಲ್ಲಿ ಅಲ್ಲಿಯ ಬಾವಿಗೆ ಉಪ್ಪುನೀರು ನುಗ್ಗುತ್ತದೆ. ಬಳಚಿನ ಸಾರಿಗೆ ಸುರಿಯುವ ಮೊದಲು ಕೊಡದ ನೀರನ್ನು ಒಂದು ಗುಟುಕು ಕುಡಿದು ನೋಡಿದಳು.

“ಎಂತಕ್ಕೆ ಅಕ್ಕ?”

“ಮೊದ್ಲು ನೀರು ನೋಡೂದು ತಂಗಿ. ಸಾರು ಉಪ್ಪಾದ್ಮೇಲೆ ಬಳಚಿಗೆ ಬೈದ್ರೆ ಎಂತ ಬಂತು?”

ನನಗೆ ಕಪಾಳಕ್ಕೆ ಹೊಡೆದಂತಾಯಿತು. ನಮ್ಮಲ್ಲೂ ಒಂದು ಕೊಳವೆಗೆ ಬಳಚು ಹಾಕದೆ, ಡಿಎನ್‌ಎ ತೆಗೆಯುವ ಕಿಟ್‌ನ ದ್ರಾವಣಗಳನ್ನು ಮಾತ್ರ ಹಾಕಿ, ಅದನ್ನೂ ಡಿಎನ್‌ಎ ಓದುವ ಸೀಕ್ವೆನ್ಸಿಂಗ್‌ಗೆ ಕಳಿಸಬೇಕು. ಅದರಲ್ಲಿ ಸಿಕ್ಕಿದ್ದೆಲ್ಲ ನಮ್ಮದೇ ಕೊಳಕು. ಮೊದಲ ವರ್ಷದ ವಿದ್ಯಾರ್ಥಿಗೂ ಇದು ಗೊತ್ತು. “ಖಾಲಿ ಕೊಳವೇಲಿ ಎಂತ ಇರ್ತದೆ, ಮಣ್ಣು!” ಎಂದು ಮುಖ್ಯಸ್ಥರು ಆ ಪರೀಕ್ಷೆಯನ್ನೇ ಕೈಬಿಡಿಸಿದ್ದರು. ನಿಮ್ಮ ತಲೆಯಲ್ಲಿ ಇರುವಷ್ಟೇ ಎನ್ನಬೇಕಿತ್ತು. ನಾನು ಹೂಂ ಎಂದು ಬಾಲ ಅಲ್ಲಾಡಿಸಿದ್ದೆ. ಥೂ, ಈಗಲೂ ನನ್ನ ಮೇಲೇ ಹೇಸಿಗೆ ಬರುತ್ತದೆ.

ವಾಪಸು ಹೋದವಳೇ ಅದೇ ಕಿಟ್‌ನ ಖಾಲಿ ಕೊಳವೆಯನ್ನು ಪರೀಕ್ಷೆಗೆ ಹಾಕಿದೆ. ವರದಿಯಲ್ಲಿದ್ದ ಕೊಳಚೆಯೆಲ್ಲ ಅಲ್ಲೇ ಸಾಲಾಗಿ ಕೂತಿತ್ತು. ಅದನ್ನು ಕಳೆದರೆ ಬಳಚಿನಲ್ಲಿ ಉಳಿದದ್ದು ಅಳಿವೆಯ ಮಾಮೂಲಿ ಬ್ಯಾಕ್ಟೀರಿಯಾ ಮಾತ್ರ.

ಊರಿಗೆ ಬಂದು ನೀವೇ ಹೇಳಿ, ಇಲ್ಲದಿದ್ದರೆ ನಾನು ಹೇಳುತ್ತೇನೆ ಎಂದು ಹಟ ಹಿಡಿದೆ. ಮುಖ್ಯಸ್ಥರು ಬಂದರು. ಇಸ್ತ್ರಿ ಮಾಡಿದ ಅಂಗಿ, ಮೂಗಿಗೆ ಕರವಸ್ತ್ರ. ಅಕ್ಕನ ಅಂಗಳದಲ್ಲಿ ನಿಂತು, “ಒಂದು ಸಣ್ಣ ತಾಂತ್ರಿಕ ದೋಷ ಆಗಿತ್ತು” ಎಂದರು. ತಪ್ಪಾಯಿತು ಎಂಬ ಮಾತು ಆ ಬಾಯಿಂದ ಹೊರಡಲಿಲ್ಲ.

“ನಮ್ದಾದ್ರೆ ಕೊಳಕು, ನಿಮ್ದಾದ್ರೆ ದೋಷ, ಅಲ್ದಾ?” ಎಂದಳು ಅಕ್ಕ. ತುಂಬಿದ ಬುಟ್ಟಿಯನ್ನು ಎತ್ತಿ ಅವರ ಕೈಗೇ ಕೊಟ್ಟಳು. “ಆತು ಸಾಹೇಬ್ರೆ. ಇದನ್ನೇ ಕುಮಟೆ ಪೇಟೇಲಿ ನಿಂತು ಹೇಳಿ, ಬನ್ನಿ.”