ಮೂರು ವರ್ಷ ತೋರಿಸಿದ ಹೂವು

ಸ್ಕ್ರಿಪ್ಸ್ ರ್ಯಾಂಚ್ ಬಡಾವಣೆಯಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಆಂಟಿ ಮೈಸೂರಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದವರು. ಭಾನುವಾರ ನಮ್ಮನ್ನೆಲ್ಲ ಬೆಟ್ಟಕ್ಕೆ ಕರೆದೊಯ್ದು, ದುಪಟ್ಟಾ ಸೊಂಟಕ್ಕೆ ಬಿಗಿದು ಗಿಡಗಳ ಮುಂದೆ ಮಂಡಿಯೂರುತ್ತಿದ್ದರು. "ಹೂ ನೋಡಿ ಹೆಸರು ಹೇಳ್ಬೇಡಿ, ಎಲೆ ಮುಟ್ಟಿ ನೋಡಿ" ಎನ್ನುತ್ತಲೇ ಇರುತ್ತಿದ್ದರು.

ಒಂದು ಹಳದಿ ಹೂವನ್ನು ಮಾತ್ರ ಮೂರು ವರ್ಷದಿಂದ ನಿಂತಲ್ಲಿಂದಲೇ 'ಬೆಟ್ಟದ ಗೋಲ್ಡನ್‌ರಾಡ್' ಜಾತಿ ಎಂದು ತೋರಿಸುತ್ತಿದ್ದರು. ಒಂದು ದಿನ ಅದರೆದುರೂ ಕೂತರು. ಬುಡದ ಎಲೆಯ ತೊಟ್ಟನ್ನು ಬೆರಳಿಂದ ಸವರಿ, ಲೆನ್ಸ್ ಹಿಡಿದು ನೋಡಿದರು.

"ತೊಟ್ಟಿನ ಅಂಚಲ್ಲಿ ಸಣ್ಣ ಕೂದಲು ಇರ್ಬೇಕಿತ್ತು. ಇಲ್ವಲ್ಲ! ಇದು ಬೇರೆ ಜಾತಿ ರೀ."

ಸಂಜೆ ಆಂಟಿ, ತಾವು ಆ ಹೂವನ್ನು ತೋರಿಸಿದ್ದ ಪ್ರತಿಯೊಬ್ಬರಿಗೂ ಫೋನ್ ಮಾಡಿದರು. ದೂರದ ಸ್ಯಾಂಟಾ ಕ್ಲಾರಿಟಾಗೆ ಮನೆ ಬದಲಿಸಿದ್ದವರಿಗೂ. ಹೂವೇ ನೆನಪಿಲ್ಲ ಎಂದವರಿಗೆ ಮೊದಲು ಹೂವನ್ನು ನೆನಪು ಮಾಡಿಸಿ, ಆಮೇಲೆ ತಮ್ಮ ತಪ್ಪು ಹೇಳಿದರು.