ಕೋರ್ಟಿಗೆ ಬಿದ್ದ ಅಕ್ಷತೆ

ಶ್ರೀಧರ ಅಂಕಲ್‌ಗೆ ಲೇಆಫ್ ಆದ ವಾರ ಕಂಪನಿ ಕೊಟ್ಟಿದ್ದ ಬ್ಯಾಸ್ಕೆಟ್‌ಬಾಲ್ ಮ್ಯಾಚಿನ ಫ್ರೀ ಟಿಕೆಟ್ ಎರಡು ಉಳಿದಿದ್ದವು. "ಇನ್ಮೇಲೆ ಮುಂದಿನ ಸಾಲು ಯಾರು ಕೊಡ್ತಾರೋ, ಮ್ಯಾಚ್ ಪೂರ್ತಿ ನೋಡ್ಕೊಂಡೇ ಬರೋಣ," ಅಂತ ನನ್ನನ್ನೂ ಕರೆದೊಯ್ದರು.

ನಮ್ಮ ನ್ಯೂಜೆರ್ಸಿ ಟೀಮು ಸೋಲುತ್ತಿತ್ತು. ಬೆಳಿಗ್ಗೆ ಫ್ಲಶಿಂಗ್ ದೇವಸ್ಥಾನದಲ್ಲಿ ಕೊಟ್ಟ ಅಕ್ಷತೆ ಅಂಕಲ್ ಜೇಬಲ್ಲೇ ಇತ್ತು. "ಆಟಗಾರರಿಗೆ ನಾಕು ಕಾಳು ಹಾಕಿ ಅಂಕಲ್," ಅಂತ ನಾನೇ ಕಿವಿಯೂದಿದೆ. ಹಾಕಿಯೇಬಿಟ್ಟರು!

ಹಿಂದೊಮ್ಮೆ ಯಾರೋ ಎಸೆದ ಲೋಟದಿಂದ ಆಟಗಾರರಿಗೂ ಜನಕ್ಕೂ ಹೊಡೆದಾಟವಾಗಿತ್ತು. ಆಮೇಲಿಂದ ಕೋರ್ಟಿಗೆ ಏನೇ ಎಸೆದರೂ ಎಸೆದವರು ಹೊರಗೆ.

"ಏನ್ ಎಸೆದ್ರಿ ಸರ್?" ಅಂದ ಗಾರ್ಡ್.

"ಬ್ಲೆಸಿಂಗ್ಸ್."

ಬಾಗಿಲವರೆಗೂ ನಡೆಸಿಕೊಂಡು ಬಂದವನು ಟೋಪಿ ತೆಗೆದ. "ನಾಳೆ ನಮ್ಮ ಲೇಆಫ್ ಲಿಸ್ಟ್ ಬರುತ್ತೆ. ನನಗೂ ಸ್ವಲ್ಪ ಹಾಕ್ತೀರಾ?"

ಅಂಕಲ್ ಧಾರಾಳವಾಗಿ ಹಾಕಿದರು. ಉಳಿದ ಎರಡು ಕಾಳು ನನ್ನ ತಲೆಗೆ: "ನಿನಗೆ ಬುದ್ಧಿ ಬರಲಿ ಕಣೋ."

ಇನ್ನೂ ಕಾಯ್ತಾ ಇದ್ದೀನಿ.